ಗಿಟಾರು ಇಂದಿನದು, ಮಾತು ಅಂದಿನದು

ಕನ್ನಡದಲ್ಲಿ ರಾಕ್ ಅಂದಕೂಡಲೇ ಬಹಳ ಜನಕ್ಕೆ ಮೊದಲು ನೆನಪಾಗುವುದು ‘ಗುಡುಗುಡಿಯ ಸೇದಿ ನೋಡೋ’. ರಘು ದೀಕ್ಷಿತ್ ಅವರ ಮೊದಲ ಆಲ್ಬಂ ‘ಅಂತರಾಗ್ನಿ’ 2008ರಲ್ಲಿ ವಿಶಾಲ್–ಶೇಖರ್ ಜೋಡಿಯ ಲೇಬಲ್‌ನಿಂದ ಮುಂಬಯಿಯಲ್ಲಿ ಬಿಡುಗಡೆಯಾಯಿತು. ಆ ಆಲ್ಬಮ್ಮಿನ ಹಾಡುಗಳ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಮೈಸೂರಿನಿಂದ ಬಂದ ಹುಡುಗಿಯ ಮೇಲಿನ ಹಾಡು ಹಿಂದಿಯಲ್ಲಿದೆ. ದೇವರ ಮುಂದೆ ತನ್ನ ಗೋಳು ತೋಡಿಕೊಳ್ಳುವ ಹಾಡೂ ಹಿಂದಿಯೇ. ಮುಂಬಯಿಯಲ್ಲಿ ಪವಾಡಕ್ಕಾಗಿ ಕಾದು ಕೂತ ಸಂಗೀತಗಾರನ ಪಾಡು ಇಂಗ್ಲಿಷಿನಲ್ಲಿದೆ, ಪ್ರೇಮದ ಪ್ರತಿಜ್ಞೆಯೂ ಇಂಗ್ಲಿಷಿನಲ್ಲಿದೆ. ಕನ್ನಡದ ಪಾಲಿಗೆ ಬಂದದ್ದು ಎರಡು ಹಾಡು, ಎರಡೂ ಶಿಶುನಾಳ ಶರೀಫರವು: ಗುಡುಗುಡಿಯದು ಒಂದು, ಸೋರುವ ಮಾಳಿಗೆಯದು ಇನ್ನೊಂದು. ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಅಂದರೆ ಹಾಡುಗಾರ ತನ್ನ ಆಸೆ, ಅವಮಾನ, ಪ್ರೀತಿ, ಹೊಟ್ಟೆಪಾಡನ್ನು ಹೇಳಿಕೊಳ್ಳಲು ಬೇರೆ ಭಾಷೆ ಹುಡುಕಿಕೊಂಡಿದ್ದಾನೆ; ಕನ್ನಡಕ್ಕೆ ಬಂದಾಗ ಮಾತ್ರ ನೂರು ವರ್ಷಕ್ಕೂ ಹಿಂದೆ ತೀರಿಕೊಂಡ ಸಂತನ ಬಾಯಿಂದ ಮಾತಾಡಿಸಿದ್ದಾನೆ. ಇದು ಒಬ್ಬ ಗಾಯಕರ ಆಯ್ಕೆಯಾಗಿ ನಿಂತಿದ್ದರೆ ಲೇಖನ ಬರೆಯುವಷ್ಟು ದೊಡ್ಡ ಸಂಗತಿಯಲ್ಲ. ಆದರೆ ಕಳೆದ ಎರಡು ದಶಕಗಳ ಕನ್ನಡ ಇಂಡೀ ರಾಕ್‌ನ ಹೆಸರಾಂತ ಹಾಡುಗಳನ್ನು ಸಾಲಾಗಿ ಇಟ್ಟು ಕೇಳಿದರೆ ಇದೇ ಹಂಚಿಕೆ ಮತ್ತೆ ಮತ್ತೆ ಕಾಣುತ್ತದೆ. ಈ ಪರಂಪರೆ ಸಂಗೀತದಲ್ಲಿ ಗೆದ್ದಿತು, ಸಾಹಿತ್ಯದಲ್ಲಿ ಎರವಲಿನ ಮೇಲೆ ಬದುಕಿತು. ಅದು ಶರೀಫರ ಪದಗಳನ್ನು ಎತ್ತಿಕೊಂಡಿತೇ ಹೊರತು ಶರೀಫರ ದಾರಿಯನ್ನು ಹಿಡಿಯಲಿಲ್ಲ ಎಂಬುದು ನನ್ನ ವಾದ.

ಶರೀಫರ ದಾರಿ ಯಾವುದು? ಗುಡುಗುಡಿಯ ಪದವನ್ನೇ ನೋಡೋಣ. ಅದರಲ್ಲಿ ಮನಸ್ಸು ಒಂದು ಸಂಚಿ, ಮೋಹ ಅದರೊಳಗಿನ ಗಾಂಜಾ. ಇವು ಅವರ ಕಾಲದ ಜಗಲಿಯ ಮೇಲೆ, ಸಂತೆಯ ಮೂಲೆಯಲ್ಲಿ ಕಣ್ಣಿಗೆ ಬೀಳುತ್ತಿದ್ದ ವಸ್ತುಗಳು. ಮಣ್ಣಿನ ಮಾಳಿಗೆ ಸೋರುವುದು ಅವರ ಶಿಗ್ಗಾಂವಿ ಸೀಮೆಯಲ್ಲಿ ಮಳೆಗಾಲದ ನಿತ್ಯದ ತಾಪತ್ರಯ. ಶರೀಫರು ತತ್ವಕ್ಕೆ ಬೇಕಾದ ಸಾಮಾನನ್ನು ಹಳೆಯ ಕಾವ್ಯದಿಂದ ತರಲಿಲ್ಲ; ಅಕ್ಕಪಕ್ಕದ ಮನೆಯಿಂದ ತಂದರು. ಭಾಷೆಯೂ ಹಾಗೆಯೇ. ಆ ಕಡೆಯ ಜನ ಹೇಗೆ ಮಾತಾಡುತ್ತಿದ್ದರೋ ಆ ಧಾಟಿಯಲ್ಲೇ ಪದ ಕಟ್ಟಿದರು, ಎದುರಿಗಿದ್ದವನನ್ನು ‘ನೋಡೋ’ ಎಂದೇ ಕರೆದರು. ಹೀಗೆ ನೋಡಿದರೆ ಶರೀಫರು ತಮ್ಮ ಕಾಲಕ್ಕೆ ತೀರಾ ಸಮಕಾಲೀನ ಹಾಡುಗಾರ. ಅವರನ್ನು ಇಂದು ಹಾಡುವವನು ಅವರ ಪದವನ್ನು ಕಾಪಾಡಿದಂತಾಗುತ್ತದೆ, ನಿಜ. ಆದರೆ ಅವರಂತೆ ಹಾಡಬೇಕೆಂದರೆ ಇಂದಿನ ಮನೆಯ ಸಾಮಾನನ್ನು ಮುಟ್ಟಬೇಕಾಗುತ್ತದೆ: ನೀರಿನ ಟ್ಯಾಂಕರು, ಪಿ.ಜಿ.ಯ ಮಂಚ, ಸಾಲದ ಕಂತು, ಮೆಟ್ರೋ ಕಂಬದ ಕೆಳಗಿನ ಟ್ರಾಫಿಕ್ಕು. ದೊಡ್ಡ ಮೈದಾನದ ವೇದಿಕೆಯಲ್ಲಿ ಗುಡುಗುಡಿಯ ಹಾಡು ಶುರುವಾದಾಗ ಇನ್ನೊಂದು ಅಪಾಯವೂ ಇದೆ. ಗಾಂಜಾವನ್ನು ಮೋಹಕ್ಕೆ ರೂಪಕವಾಗಿ ತಂದ ಕವಿಯ ಪದವನ್ನು ಕುಣಿಯುವ ಗುಂಪು ಸೇದುವ ಹಾಡೆಂದೇ ಕೇಳಿಸಿಕೊಳ್ಳಬಹುದು. ಗುಡುಗುಡಿ ಮನೆಯ ವಸ್ತುವಾಗಿದ್ದ ಕಾಲದಲ್ಲಿ ಆ ರೂಪಕ ತಾನಾಗಿಯೇ ತಿಳಿಯುತ್ತಿತ್ತು. ಈಗ ಅದು ಕೆಫೆಯ ಅಲಂಕಾರ, ರೂಪಕದ ಕೆಳಗಿದ್ದ ನೆಲವೇ ಜಾರಿದೆ.

ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನಲ್ಲಿ ಬೆಳೆದ ಸ್ವರಾತ್ಮ ತಂಡದ ಉದಾಹರಣೆ ಇನ್ನೂ ಚುರುಕಾಗಿದೆ. ವಾಸು ದೀಕ್ಷಿತ್ ಮುಂದಾಳತ್ವದ ಈ ತಂಡಕ್ಕೆ ಸಮಕಾಲೀನ ಸಂಗತಿಗಳ ಬಗ್ಗೆ ಅಂಜಿಕೆಯಿಲ್ಲ. 2012ರ ‘ಟೋಪಿವಾಲೇ’ ಆಲ್ಬಮ್ಮಿನಲ್ಲಿ ರಾಜಕಾರಣಿಗಳ ಟೋಪಿ ಆಟವಿದೆ, ಸುದ್ದಿವಾಹಿನಿಗಳ ಗದ್ದಲವಿದೆ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಕುರಿತ ‘ಘುಮ್’ ಇದೆ. ಅದಕ್ಕೂ ಮೊದಲೇ ಕಾವೇರಿ ವಿವಾದವನ್ನು ನದಿಯ ಕಡೆಯಿಂದ ನೋಡಿದ ‘ಪ್ಯಾಸಿ’ ಬಂದಿತ್ತು. ಕಾವೇರಿ ಹರಿಯುವುದು ಕನ್ನಡ ಮತ್ತು ತಮಿಳಿನ ನೆಲದಲ್ಲಿ. ಅವಳ ಹೆಸರಿನಲ್ಲಿ ಬಸ್ಸು ಸುಟ್ಟದ್ದು, ಅಂಗಡಿ ಮುಚ್ಚಿಸಿದ್ದು ಕನ್ನಡ ಮತ್ತು ತಮಿಳು ಮಾತಾಡುವ ಜನ. ಹಾಡಿನಲ್ಲಿ ಆ ನದಿ ಬಾಯಿ ಬಿಟ್ಟದ್ದು ಹಿಂದಿಯಲ್ಲಿ! ಹಾಡು ಚೆನ್ನಾಗಿದೆ, ಉದ್ದೇಶವೂ ಒಳ್ಳೆಯದು. ಆದರೆ ಮಂಡ್ಯದ ಗದ್ದೆಯಲ್ಲಿ ನಿಂತವನಿಗಾಗಲೀ ತಂಜಾವೂರಿನ ರೈತನಿಗಾಗಲೀ ಅದು ನೇರವಾಗಿ ತಲುಪುವುದಿಲ್ಲ. ಜಗಳದಲ್ಲಿ ಇಲ್ಲದ ಮೂರನೆಯವರಿಗೆ ತಲುಪುತ್ತದೆ. ಎರಡು ರಾಜ್ಯದ ನಡುವಿನ ಜಗಳವಾದ್ದರಿಂದ ಮೂರನೇ ಭಾಷೆಯೇ ನ್ಯಾಯ ಎನ್ನುವವರಿದ್ದಾರೆ. ಕೋರ್ಟಿನಲ್ಲಿ ಆ ಮಾತು ನಡೆದೀತು. ಹಾಡು ತೀರ್ಪು ಕೊಡುವುದಿಲ್ಲ, ತನ್ನವರ ಕಿವಿ ಹಿಂಡುತ್ತದೆ. ತನ್ನವರ ಭಾಷೆಯಲ್ಲಿ ಹಿಂಡಿದರೇ ಅದು ನೋಯುವುದು. ಇದೇ ತಂಡದಲ್ಲಿ ಕನ್ನಡದ ‘ಈ ಭೂಮಿ’ಯೂ ಇದೆ ಎಂಬುದನ್ನು ಮರೆಯಬಾರದು. ಆದರೆ ಆಲ್ಬಮ್ಮುಗಳ ಒಟ್ಟು ತೂಕ ಎತ್ತ ವಾಲುತ್ತದೆ ಎಂಬುದು ಕೇಳುಗನಿಗೆ ಗೊತ್ತು. ಮುಂದೆ ವಾಸು ದೀಕ್ಷಿತ್ ತಮ್ಮದೇ ಬಳಗ ಕಟ್ಟಿಕೊಂಡು ಕನ್ನಡದ ಕಡೆಗೆ ಹೆಚ್ಚು ತಿರುಗಿದಾಗ ಅಲ್ಲಿಯೂ ದಾಸರು, ತತ್ವಪದಕಾರರು ಮುಂದಿನ ಸಾಲಿಗೆ ಬಂದರು.

ಬೆಂಗಳೂರಿನ ಬೀದಿಯನ್ನೇ ಹಾಡಿದ ರಾಕ್ ತಂಡ ಇಲ್ಲವೇ? ಇದೆ. 1996ರಲ್ಲಿ ಕ್ರೈಸ್ಟ್ ಕಾಲೇಜಿನಲ್ಲಿ ಶುರುವಾದ ಥರ್ಮಲ್ ಅಂಡ್ ಎ ಕ್ವಾರ್ಟರ್ ತನ್ನ ಸಂಗೀತವನ್ನು ‘ಬ್ಯಾಂಗಲೋರ್ ರಾಕ್’ ಎಂದೇ ಕರೆದುಕೊಂಡಿತು. 2012ರಲ್ಲಿ ‘3 ವೀಲ್ಸ್ 9 ಲೈವ್ಸ್’ ಎಂಬ ಆಲ್ಬಮ್ಮಿಗೆ ಆಟೋರಿಕ್ಷಾದ ಮೂರು ಚಕ್ರವನ್ನೇ ಹೆಸರಾಗಿಸಿತು. ಅದರಲ್ಲಿ ‘ಮೀಟರ್ ಮೇಲೆ ಒನ್ ಅಂಡ್ ಎ ಹಾಫ್’ ಎಂಬ ಹಾಡಿದೆ. ಬೆಂಗಳೂರಿನಲ್ಲಿ ರಾತ್ರಿ ಹತ್ತರ ನಂತರ ಆಟೋ ಹತ್ತಿದ ಯಾರಿಗೂ ಈ ಮಾತನ್ನು ಬಿಡಿಸಿ ಹೇಳಬೇಕಿಲ್ಲ. ತಂಡದ ಬ್ರೂಸ್ ಲೀ ಮಣಿ ಅವರ ಗಿಟಾರಿನ ಜಾಣತನದ ಬಗ್ಗೆ ಎರಡು ಮಾತಿಲ್ಲ. ಆದರೂ ಈ ತಂಡದ ಹಾಡಿನಲ್ಲಿ ಕನ್ನಡ ಬರುವುದು ಡ್ರೈವರನ ಬಾಯಿಂದ, ಒಗ್ಗರಣೆಯಷ್ಟು. ಯೋಚಿಸುವ, ಬೇಸರಪಡುವ, ಕುಹಕವಾಡುವ ಮನಸ್ಸು ಇಂಗ್ಲಿಷಿನದು. ಅದರಲ್ಲಿ ತಪ್ಪೇನೂ ಇಲ್ಲ. ತಂಡದವರು ತಮಗೆ ಸಹಜವಾದ ಭಾಷೆಯಲ್ಲಿ ತಮ್ಮ ಊರನ್ನು ಹಾಡಿದರು, ಪ್ರಾಮಾಣಿಕವಾಗಿಯೇ ಹಾಡಿದರು. ಹಾಗಾಗಿ ಸಿಕ್ಕ ಫಲ ಹೀಗಿದೆ: ಇಂದಿನ ಊರು ಇಂಗ್ಲಿಷಿಗೆ, ಇಂದಿನ ದೇಶ ಹಿಂದಿಗೆ, ಹಿಂದಿನ ಊರು ಕನ್ನಡಕ್ಕೆ.

ಈ ಹಂಚಿಕೆಗೆ ಕಾರಣವಿದೆ, ಅದು ಕಲಾವಿದರ ಸೋಮಾರಿತನವಂತೂ ಅಲ್ಲ. ಸಿನಿಮಾದ ಹೊರಗಿನ ಹಾಡಿಗೆ ಕರ್ನಾಟಕದೊಳಗೆ ಹಣ ಹಾಕುವವರು ಕಡಿಮೆ. ಬ್ಯಾಂಡ್ ಬದುಕಬೇಕಾದರೆ ಕಾಲೇಜು ಉತ್ಸವ, ಕಾರ್ಪೊರೇಟ್ ಸಂಜೆ, ಪುಣೆಯಲ್ಲಿ 2010ರಲ್ಲಿ ಶುರುವಾದ ಎನ್‌ಎಚ್7 ವೀಕೆಂಡರ್‌ನಂಥ ಉತ್ಸವ, ಆಮೇಲೆ ವಿದೇಶದ ವೇದಿಕೆ, ಇವುಗಳನ್ನೇ ನಂಬಬೇಕು. ಈ ಕೇಳುಗರಲ್ಲಿ ಹೆಚ್ಚಿನವರಿಗೆ ಕನ್ನಡ ಬರುವುದಿಲ್ಲ. ಕನ್ನಡ ಬಾರದವನಿಗೆ ಇಂದಿನ ಕನ್ನಡದ ಹಾಡು ಅರ್ಥವಾಗದ ಹಾಡು. ಅದೇ ‘ಹತ್ತೊಂಬತ್ತನೇ ಶತಮಾನದ ಸಂತಕವಿಯ ಪದ’ ಎಂದು ಪರಿಚಯಿಸಿದರೆ ಅರ್ಥವಾಗದಿರುವುದೇ ಒಂದು ಸೊಗಸು. ರಘು ದೀಕ್ಷಿತ್ 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲಂಡ್ ಕಾರ್ಯಕ್ರಮದಲ್ಲಿ ಹಾಡಿದರು, 2011ರಲ್ಲಿ ಬ್ರಿಟನ್ನಿನ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಪ್ರತಿಭೆ ಪ್ರಶಸ್ತಿ ಪಡೆದರು. ಕನ್ನಡಕ್ಕೆ ಅದು ಹೆಮ್ಮೆಯೇ. ಆದರೆ ‘ವರ್ಲ್ಡ್ ಮ್ಯೂಸಿಕ್’ ಎಂಬ ಆ ಮಾರುಕಟ್ಟೆ ನಮ್ಮಿಂದ ಕೇಳುವುದು ಹಳೆಯದನ್ನು: ಲುಂಗಿ, ಗೆಜ್ಜೆ, ಸಂತರು. ನಮ್ಮ ಇಂದಿನ ತಲೆಬಿಸಿ ಅದಕ್ಕೆ ಬೇಡ, ಅದು ಅವರಲ್ಲೇ ಬೇಕಾದಷ್ಟಿದೆ.

ಇಲ್ಲಿ ಬರುವ ದೊಡ್ಡ ಆಕ್ಷೇಪಣೆಗೆ ಉತ್ತರ ಕೊಡಲೇಬೇಕು. ಕನ್ನಡದಲ್ಲಿ ಹಾಡುವವನು ಕವಿಯ ಪದ ತೆಗೆದುಕೊಂಡು ರಾಗ ಹಾಕುವುದೇ ನಮ್ಮ ಸುಗಮ ಸಂಗೀತದ ಪದ್ಧತಿಯಲ್ಲವೇ? ಶರೀಫರನ್ನು ಮನೆಮನೆಗೆ ಮುಟ್ಟಿಸಿದ್ದೂ ಸಿ. ಅಶ್ವತ್ಥ್ ಅವರಲ್ಲವೇ? ಹೌದು. ನಾಗಾಭರಣರ ‘ಸಂತ ಶಿಶುನಾಳ ಶರೀಫ’ (1990) ಚಿತ್ರಕ್ಕೂ ಅವರದೇ ಸಂಗೀತ. ಗಿಟಾರಿನ ಹುಡುಗರಿಗೆ ಶರೀಫರ ಕಡೆಗೆ ದಾರಿ ತೋರಿಸಿದವರೇ ಅವರು. ಆದರೆ ಸುಗಮ ಸಂಗೀತ ಹಳಬರನ್ನು ಮಾತ್ರ ಹಾಡಿಕೊಂಡು ಕೂರಲಿಲ್ಲ. 1978ರಲ್ಲಿ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ‘ನಿತ್ಯೋತ್ಸವ’ ಬಂದಾಗ ಅದರ ಕವಿ ನಿಸಾರ್ ಅಹಮದ್ ನಲವತ್ತರ ಆಸುಪಾಸಿನ ಮೇಷ್ಟ್ರು, ರಾಗ ಹಾಕಿದವರು ಮೈಸೂರು ಅನಂತಸ್ವಾಮಿ. ಕವಿ, ಗಾಯಕ, ಕೇಳುಗ ಮೂವರೂ ಒಂದೇ ಕಾಲದವರು. ಕೆ.ಎಸ್. ನರಸಿಂಹಸ್ವಾಮಿ, ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ, ಬಿ.ಆರ್. ಲಕ್ಷ್ಮಣರಾವ್ ಎಲ್ಲರೂ ತಮ್ಮ ಪದ್ಯ ಹಾಡಾಗುವುದನ್ನು ಕಣ್ಣಾರೆ ಕಂಡವರು. ಲಕ್ಷ್ಮಣರಾಯರಂತೂ ಬಾರಿನಲ್ಲಿ ಕೂತ ಪೋಲಿ ಗೆಳೆಯರನ್ನೇ ಹಾಡಿಗೆ ಎಳೆತಂದರು. ಹಾರ್ಮೋನಿಯಂ ತಬಲಾದ ಆ ಸಾಧು ಲೋಕದಲ್ಲಿ ರಾಕ್‌ನ ಮನೋಧರ್ಮ ಇದ್ದದ್ದು ಅಲ್ಲಿ. ಸಿನಿಮಾದ ಹಂಗಿಲ್ಲದೆ, ಸಣ್ಣ ಬಂಡವಾಳದಲ್ಲಿ, ಕ್ಯಾಸೆಟ್ಟಿನ ಮೂಲಕ ಹರಡಿದ ಆ ಸಂಗೀತವನ್ನು ಕನ್ನಡದ ಮೊದಲ ಇಂಡೀ ಎಂದರೂ ತಪ್ಪಾಗದು. ಹಾಗೆ ನೋಡಿದರೆ ರಾಕ್ ತಂಡಗಳು ಅಶ್ವತ್ಥರಿಂದ ಅರ್ಧ ಪಾಠ ಮಾತ್ರ ಕಲಿತವು.

ಪಶ್ಚಿಮದವರೂ ಹಳೆಯದನ್ನು ಹಾಡುತ್ತಾರೆ ಎಂಬುದು ಇನ್ನೊಂದು ತಕರಾರು. ನಿರ್ವಾಣ ತಂಡ 1993ರ ಎಂಟಿವಿ ಅನ್‌ಪ್ಲಗ್ಡ್‌ನಲ್ಲಿ ಕೊನೆಗೆ ಹಾಡಿದ್ದು ಲೆಡ್ ಬೆಲಿ ಪ್ರಸಿದ್ಧಗೊಳಿಸಿದ ಹಳೆಯ ಜನಪದ ಗೀತೆಯನ್ನು. ಕರ್ಟ್ ಕೊಬೇನ್ ಅದನ್ನು ಹಾಡಿದ ಬಗೆ ಇಂದಿಗೂ ಮೈ ನಡುಗಿಸುತ್ತದೆ. ಆದರೆ ಆ ಹಾಡು ನಡುಗಿಸುವುದು ಅದೇ ರಾತ್ರಿ ಅದೇ ಬಾಯಿ ತನ್ನ ಸ್ವಂತ ಹಾಡುಗಳನ್ನು ಅದೇ ಭಾಷೆಯಲ್ಲಿ ಹಾಡಿದ ಮೇಲೆ. ಹಳೆಯ ನೋವೂ ಹೊಸ ನೋವೂ ಪಕ್ಕಪಕ್ಕ ಕೂತದ್ದರಿಂದ ಒಂದು ಇನ್ನೊಂದಕ್ಕೆ ಸಾಕ್ಷಿಯಾಯಿತು. ಬಾಬ್ ಡಿಲನ್ 1962ರಲ್ಲಿ ‘ಎ ಹಾರ್ಡ್ ರೇನ್’ ಬರೆಯುವಾಗ ಹಳೆಯ ಲಾವಣಿಯೊಂದರ ಪ್ರಶ್ನೋತ್ತರದ ಚೌಕಟ್ಟನ್ನು ಮಾತ್ರ ಇಟ್ಟುಕೊಂಡ, ಒಳಗೆ ತುಂಬಿದ್ದು ತನ್ನ ಕಾಲದ ಭಯವನ್ನು. ಶರೀಫರ ಸೋರುವ ಮಾಳಿಗೆಯ ಚೌಕಟ್ಟಿನಲ್ಲಿ ಮಳೆ ಬಂದರೆ ಮುಳುಗುವ ಬೆಂಗಳೂರಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟನ್ನು ಕೂರಿಸಿ ನೋಡಿ. ಆ ಹಾಡು ಬರೆಯುವುದು ಎಷ್ಟು ಹತ್ತಿರದಲ್ಲಿತ್ತು ಎನ್ನಿಸದೇ ಇರದು.

ಕನ್ನಡದ ಜಾಯಮಾನವೇ ರಾಕ್‌ಗೆ ಒಗ್ಗುವುದಿಲ್ಲ, ಪ್ರತಿ ಪದವೂ ಸ್ವರದಲ್ಲಿ ಮುಗಿದು ಸಾಲು ಮೆತ್ತಗಾಗುತ್ತದೆ, ಡ್ರಮ್ಸಿನ ಏಟಿಗೆ ಕೂರುವುದಿಲ್ಲ ಎಂದು ಸಂಗೀತಗಾರರೇ ಹೇಳುವುದುಂಟು. ಗ್ರಂಥಸ್ಥ ಕನ್ನಡದ ಮಟ್ಟಿಗೆ ಇದು ನಿಜ. ‘ಹೋಗುತ್ತಿದ್ದೇನೆ’ ಎಂಬುದನ್ನು ನಾಲ್ಕು ಏಟಿನ ತಾಳಕ್ಕೆ ಹಾಕಿ ನೋಡಿ. ಕೊನೆಯ ಅಕ್ಷರ ಆಚೆ ನೇತಾಡುತ್ತದೆ. ‘ಹೋಗ್ತಿದೀನಿ’ ಎನ್ನಿ, ಚಪ್ಪಾಳೆ ತಟ್ಟಿದ ಹಾಗೆ ಕೂರುತ್ತದೆ. ಆಡುಮಾತು ನಡುವಿನ ಸ್ವರಗಳನ್ನು ನುಂಗುತ್ತದೆ, ವ್ಯಂಜನಗಳನ್ನು ಒಂದಕ್ಕೊಂದು ಡಿಕ್ಕಿ ಹೊಡೆಸುತ್ತದೆ. ಸ್ನೇರ್ ಡ್ರಮ್ಮಿಗೆ ಬೇಕಾದದ್ದೇ ಅದು. ಮೇಲಾಗಿ ನಮ್ಮ ಹಳೆಯ ಪದ್ಯಗಳ ಆದಿಪ್ರಾಸ ಸಾಲಿನ ಆರಂಭದಲ್ಲೇ ಒಂದು ಗುದ್ದು ಕೊಡುತ್ತದೆ. ಸಾಲಿನ ತುದಿಯಲ್ಲಿ ಪ್ರಾಸ ಹುಡುಕುವ ಇಂಗ್ಲಿಷ್ ಹಾಡಿಗೆ ಈ ಅನುಕೂಲವಿಲ್ಲ. ಶರೀಫರ ಪದಗಳು ಗಿಟಾರಿಗೆ ಇಷ್ಟು ಚೆನ್ನಾಗಿ ಒಗ್ಗಿದ್ದಕ್ಕೆ ಅವು ಆಡುಮಾತಿನಲ್ಲಿರುವುದೇ ಮುಖ್ಯ ಕಾರಣ, ಹಳೆಯವು ಎಂಬುದಲ್ಲ. ಈ ಗುಟ್ಟು ಸಿನಿಮಾದವರಿಗೆ ಬೇಗ ಹೊಳೆಯಿತು. ‘ಎ’ (1998), ‘ಉಪೇಂದ್ರ’ (1999) ಚಿತ್ರಗಳಲ್ಲಿ ಗುರುಕಿರಣ್ ಗಿಟಾರಿನ ಅಬ್ಬರಕ್ಕೆ ಬೀದಿಯ ಕನ್ನಡ ಸೇರಿಸಿ ಗೆದ್ದರು. ಆಮೇಲೆ ಯೋಗರಾಜ ಭಟ್ಟರು ಹರಟೆಯ ಧಾಟಿಯನ್ನೇ ಹಾಡಾಗಿಸಿದರು. ಇತ್ತೀಚಿನ ಕನ್ನಡ ರ‍್ಯಾಪ್ ಅಂತೂ ಆಡುಮಾತಿಲ್ಲದೆ ಒಂದು ಹೆಜ್ಜೆ ಇಡದು. ರಾಕ್ ತಂಡಗಳು ಸಿನಿಮಾಕ್ಕಿಂತ ಸ್ವತಂತ್ರ ಎನ್ನಿಸಿಕೊಂಡೂ ಭಾಷೆಯ ವಿಷಯದಲ್ಲಿ ಸಿನಿಮಾಕ್ಕಿಂತ ಮಡಿವಂತವಾಗಿ ಉಳಿದದ್ದು ವಿಚಿತ್ರವೇ ಸರಿ.

ಹೋಲಿಕೆಗೆ ದೂರ ಹೋಗಬೇಕಿಲ್ಲ, ಈ ಲೇಖನ ಬರೆಯುತ್ತಿರುವ ಚೆನ್ನೈನ ಅಣ್ಣಾ ನಗರ್ ಸಾಕು. 1968ರ ವಿಶ್ವ ವಾಣಿಜ್ಯ ಮೇಳದ ನೆನಪಿನ ಗೋಪುರ ನಿಂತಿರುವ, ಅವೆನ್ಯೂಗಳಿಗೆ ನಂಬರು ಹಾಕಿ ಅಳತೆ ಮಾಡಿ ಕಟ್ಟಿದ ಬಡಾವಣೆ ಇದು. ಮಕ್ಕಳನ್ನು ಗಿಟಾರ್ ಕ್ಲಾಸಿಗೆ ಕಳಿಸುವ ಮಧ್ಯಮವರ್ಗದ ನೆಲೆ. ಇಲ್ಲಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರು ಹೋದರೆ ವ್ಯಾಸರ್‌ಪಾಡಿ, ಪುಳಿಯಂತೋಪು. ಸಾವಿನ ಮನೆಯಲ್ಲೂ ಮದುವೆ ಮನೆಯಲ್ಲೂ ‘ಗಾನಾ’ ಹಾಡುವ ದಲಿತ, ಕಾರ್ಮಿಕ ಕೇರಿಗಳು. ಗಿಟಾರು ಮತ್ತು ಗಾನಾ ಬಹುಕಾಲ ಒಂದನ್ನೊಂದು ನೋಡದೆ ಬದುಕಿದವು. 2018ರ ಜನವರಿ 6ರಂದು ಪಕ್ಕದ ಕಿಲ್ಪಾಕ್‌ನ ಶಾಲಾ ಮೈದಾನದಲ್ಲಿ ‘ದಿ ಕಾಸ್ಟ್‌ಲೆಸ್ ಕಲೆಕ್ಟಿವ್’ ಎಂಬ ಹತ್ತೊಂಬತ್ತು ಜನರ ತಂಡ ಮೊದಲ ಸಲ ವೇದಿಕೆ ಹತ್ತಿತು. ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರ ಬೆನ್ನಿಗಿತ್ತು, ಸಂಗೀತದ ಹೊಣೆ ತೆನ್ಮಾ ಅವರದು. ತಂಡದ ಹೆಸರು ಬಂದದ್ದು ಚಿಂತಕ ಅಯೋತಿ ದಾಸರ ‘ಜಾತಿಯಿಲ್ಲದ ತಮಿಳರು’ ಎಂಬ ಕಲ್ಪನೆಯಿಂದ. ಡ್ರಮ್ಸಿನ ಪಕ್ಕದಲ್ಲಿ ಪರೈ ತಮಟೆ, ಬೇಸ್ ಗಿಟಾರಿನ ಪಕ್ಕದಲ್ಲಿ ಗಾನಾ ಗಾಯಕರು. ಅವರು ಹಾಡಿದ್ದು ಮೀಸಲಾತಿ, ದನದ ಮಾಂಸ, ಅಂಬೇಡ್ಕರ್. ಹಳೆಯ ಪ್ರಕಾರ, ಹೊಸ ಮಾತು. ಇಸೈವಾಣಿ, ಅರಿವು ಮುಂತಾದ ಹಾಡುಗಾರರು ನಾಡಿಗೆಲ್ಲ ಗೊತ್ತಾದದ್ದು ಇಲ್ಲಿಂದ. ಹಾಡುಗಳೆಲ್ಲ ಒಂದೇ ಮಟ್ಟದವಲ್ಲ, ಕೆಲವು ಘೋಷಣೆಯ ಹತ್ತಿರ ನಿಂತುಬಿಡುತ್ತವೆ. ಸಿನಿಮಾದವರ ಬೆಂಬಲವಿಲ್ಲದಿದ್ದರೆ ಇದು ಇಷ್ಟು ಬೇಗ ಬೆಳೆಯುತ್ತಿರಲಿಲ್ಲ ಎಂಬುದೂ ದಿಟ. ಆದರೆ ಊರಿನ ಇಂದಿನ ಮಾತು ಊರಿನ ಇಂದಿನ ಗಿಟಾರಿನ ಜೊತೆ ಒಂದೇ ಮೈಕಿನ ಮುಂದೆ ನಿಂತಿತು, ಆ ಕೆಲಸ ಬೆಂಗಳೂರಿನಲ್ಲಿ ಆ ಪ್ರಮಾಣದಲ್ಲಿ ಆಗಲಿಲ್ಲ.

ಚೆನ್ನೈಗೆ ಗಾನಾ ಇತ್ತು, ನಮಗೇನಿತ್ತು ಎಂದು ಕೇಳುವಂತಿಲ್ಲ. ಕವಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂದದ್ದು 1975ರಲ್ಲಿ. ದಲಿತ ಸಂಘರ್ಷ ಸಮಿತಿಯ ಮೆರವಣಿಗೆಗಳಲ್ಲಿ, ‘ಸಮುದಾಯ’ ರಂಗತಂಡದ ಜಾಥಾಗಳಲ್ಲಿ ತಮಟೆಯ ಜೊತೆ ಸಾವಿರಾರು ಗಂಟಲು ಹಾಡಿದ ಪದಗಳು ನಮ್ಮಲ್ಲಿವೆ, ಜನ್ನಿ, ಪಿಚ್ಚಳ್ಳಿ ಶ್ರೀನಿವಾಸ್ ಅವರಂಥ ಗಾಯಕರಿದ್ದಾರೆ. ಅವು ಆಡುಮಾತಿನವು, ಸಿಟ್ಟಿನವು, ಏಟು ಬಿದ್ದ ಕಡೆ ಏಟು ಕೊಡುವಂಥವು. ರಾಕ್ ಎಂಬ ಪ್ರಕಾರಕ್ಕೆ ಇದಕ್ಕಿಂತ ಹತ್ತಿರದ ನೆಂಟರು ಕನ್ನಡದಲ್ಲಿ ಇಲ್ಲ. ಆದರೂ ಹೆಸರು ಮಾಡಿದ ತಂಡಗಳ ಮುಖ್ಯ ಹಾಡುಗಳಲ್ಲಿ ಈ ಧಾರೆ ಕಾಣುವುದಿಲ್ಲ. ಸಂತರನ್ನು ಹಾಡಿದರೆ ಯಾರಿಗೂ ಮುಜುಗರವಿಲ್ಲ. ಕಾರ್ಪೊರೇಟ್ ಸಂಜೆಯ ವೇದಿಕೆಯಲ್ಲೂ ಶರೀಫರು ಸಲ್ಲುತ್ತಾರೆ. ಸಿದ್ಧಲಿಂಗಯ್ಯನವರು ಅಲ್ಲಿ ಸಲ್ಲುವುದು ಕಷ್ಟ. ಆಯ್ಕೆಯ ಹಿಂದೆ ಸೌಂದರ್ಯದ ಲೆಕ್ಕಕ್ಕಿಂತ ಸುರಕ್ಷತೆಯ ಲೆಕ್ಕವೇ ಹೆಚ್ಚಾಗಿತ್ತು ಎಂದು ನನಗನ್ನಿಸುವುದು ಇದರಿಂದ. ಶರೀಫರೂ ತಮ್ಮ ಕಾಲದಲ್ಲಿ ಸುರಕ್ಷಿತ ಮನುಷ್ಯರೇನಲ್ಲ. ಮುಸ್ಲಿಮನಾಗಿ ಹುಟ್ಟಿ, ಬ್ರಾಹ್ಮಣ ಗೋವಿಂದ ಭಟ್ಟರನ್ನು ಗುರುವಾಗಿ ಸ್ವೀಕರಿಸಿದವರು. ಅವರನ್ನು ನಿರಪಾಯದ ಸಂತರನ್ನಾಗಿ ಮಾಡಿದ್ದು ನಾವು, ನಮ್ಮ ಚಪ್ಪಾಳೆ.

ಇಷ್ಟೆಲ್ಲ ಹೇಳಿದ ಮೇಲೂ ಈ ತಂಡಗಳಿಗೆ ಸಲ್ಲಬೇಕಾದದ್ದು ಸಲ್ಲಬೇಕು. ಅಶ್ವತ್ಥರ ಕ್ಯಾಸೆಟ್ಟನ್ನು ಕೇಳದ ತಲೆಮಾರಿಗೆ ಶರೀಫರು ಸಿಕ್ಕಿದ್ದು ರಘು ದೀಕ್ಷಿತ್ ಅವರಿಂದ. ಕನ್ನಡದಲ್ಲಿ ಹಾಡಿ ಗ್ಲಾಸ್ಟನ್‌ಬರಿ ಉತ್ಸವದ ಜನರನ್ನು ಕುಣಿಸಬಹುದು ಎಂಬ ಧೈರ್ಯ ಬಂದದ್ದೂ ಅವರಿಂದ. ಕನ್ನಡದ ಅಕ್ಷರ ಬ್ಯಾಂಡಿನ ಮುಂದೆ ಹೇಗೆ ನಿಲ್ಲಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಕತ್ತರಿಸಬೇಕು ಎಂಬ ಕೌಶಲ ಇಂದು ಇದೆ, 1990ರ ದಶಕದಲ್ಲಿ ಇರಲಿಲ್ಲ. ಆ ಕೌಶಲವನ್ನು ಇನ್ನು ಬೇರೆ ಮಾತಿಗೆ ಬಳಸಬೇಕು, ಅಷ್ಟೇ. ಅದಕ್ಕೆ ಬೇಕಾದ ಮಾತು ನಮ್ಮಲ್ಲಿ ಇಲ್ಲವೆಂದಲ್ಲ. ಇಪ್ಪತ್ತೈದು, ಮೂವತ್ತರ ವಯಸ್ಸಿನ ಕವಿಗಳು ಕಲಬುರಗಿಯಿಂದ ಕಾಸರಗೋಡಿನವರೆಗೆ ಬರೆಯುತ್ತಿದ್ದಾರೆ, ಆಡುಮಾತಿನಲ್ಲೇ ಬರೆಯುತ್ತಿದ್ದಾರೆ, ತಮ್ಮ ಪದ್ಯವನ್ನು ಯಾರಾದರೂ ಹಾಡಿಯಾರೇ ಎಂದು ಅವರನ್ನು ಕೇಳಿದವರು ಕಡಿಮೆ. ಮುಂದಿನ ಆಲ್ಬಮ್ಮಿಗೆ ಸ್ಟುಡಿಯೋ ಗೊತ್ತುಮಾಡುವ ಮುಂಚೆ ಬ್ಯಾಂಡಿನವರು ಅಂಥ ಒಬ್ಬ ಕವಿಗೆ ಫೋನು ಮಾಡಲಿ.